ಮರಳಿನ ಮನೆ, ಮೊಬೈಲಿನ ಆಟ



ಹೋದ ಭಾನುವಾರ ವಂದನೆ ಮುಗಿದ ಮೇಲೆ ನಮ್ಮ ಬಳಗದ ಬಂಧುವೊಬ್ಬರು ಕೇಳಿದ ಪ್ರಶ್ನೆಯನ್ನೇ ಇಂದಿನ ಪಾಠಕ್ಕೆ ಎತ್ತಿಕೊಂಡಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ವಯಸ್ಸು ನಲವತ್ತಾರು. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಒಂದು ಗಂಟೆ ಮೊಬೈಲಿನಲ್ಲಿ ಗೇಮ್ ಆಡುತ್ತಾರಂತೆ. "ಮೊದಲಿನ ಹಾಗೆ ಖುಷಿ ಸಿಗ್ತಿಲ್ಲ ಮೇಷ್ಟ್ರೇ, ಆದ್ರೂ ಬಿಡೋಕೆ ಆಗ್ತಿಲ್ಲ. ಇದು ಶೀಲ ಮುರಿದ ಹಾಗೆ ಆಗುತ್ತಾ?" ಅಂದರು. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ನಮ್ಮಲ್ಲಿ ಬಹಳ ಜನ ಕೇಳಲು ನಾಚಿಕೊಳ್ಳುವ ಪ್ರಶ್ನೆ ಅದು.

ಶೀಲದ ಮಾತು ಮೊದಲು ಮುಗಿಸೋಣ. ಪಂಚಶೀಲದಲ್ಲಿ ಆಟಕ್ಕೆ ನಿಷೇಧವಿಲ್ಲ. ದೀಘ ನಿಕಾಯದ ಬ್ರಹ್ಮಜಾಲ ಸುತ್ತದಲ್ಲಿ ಆಟಗಳ ಉದ್ದನೆಯ ಪಟ್ಟಿ ಇದೆ, ನಿಜ. ಆದರೆ ಅದು ಶ್ರಮಣ ಗೋತಮರು ಯಾವುದರಿಂದೆಲ್ಲ ದೂರ ಇದ್ದರು ಎಂದು ಹೇಳುವ ಭಾಗ. ಭಿಕ್ಖು ಜೀವನಕ್ಕೆ ಸೇರಿದ್ದು, ಗೃಹಸ್ಥರಿಗೆ ಹಾಕಿದ ಕಟ್ಟಳೆಯಲ್ಲ. ಉಪೋಸಥದ ದಿನ ಅಷ್ಟಶೀಲ ಹಿಡಿಯುವವರು ಹಾಡು, ಕುಣಿತ, ನೋಟಗಳಿಂದ ದೂರ ಇರುತ್ತಾರೆ. ಆ ಒಂದು ದಿನ ಮೊಬೈಲಿನ ಆಟವನ್ನೂ ಪಕ್ಕಕ್ಕಿಡುವುದು ಸರಿ ಎಂದು ನನ್ನ ಅಭಿಪ್ರಾಯ. ಇನ್ನು ದುಡ್ಡು ಕಟ್ಟಿ ಆಡುವ ರಮ್ಮಿ, ಬೆಟ್ಟಿಂಗು ಬೇರೆಯೇ ವಿಷಯ. ಅದು ಜೂಜು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾಯ್ದೆ ಮಾಡಿತು. ಅದರ ಬಗ್ಗೆ ನಾಳೆ.

ಬಂಧುವಿನ ಪ್ರಶ್ನೆಯಲ್ಲಿ ಶೀಲಕ್ಕಿಂತ ದೊಡ್ಡದೊಂದು ಮಾತು ಅಡಗಿದೆ. ಖುಷಿ ಹೋದ ಮೇಲೂ ಕೈ ಯಾಕೆ ಬಿಡುವುದಿಲ್ಲ?

ಇದಕ್ಕೆ ಎರಡು ಸುತ್ತಗಳನ್ನು ಒಟ್ಟಿಗೆ ಇಟ್ಟು ಓದಬೇಕು. ಮೊದಲನೆಯದು ಅಂಗುತ್ತರ ನಿಕಾಯದ ಹತ್ತರ ನಿಪಾತದಲ್ಲಿರುವ ಉಪಾಲಿ ಸುತ್ತ. ಕಾಡಿಗೆ ಹೋಗಿ ಒಬ್ಬನೇ ಇರುತ್ತೇನೆಂದು ಹೊರಟ ಉಪಾಲಿಗೆ ಬುದ್ಧರು ಒಂದು ಹೋಲಿಕೆ ಹೇಳುತ್ತಾರೆ. ಅಂಗಾತ ಮಲಗಿದ ಎಳೆಗೂಸು ತನ್ನ ಮಲಮೂತ್ರದಲ್ಲೇ ಆಡುತ್ತದೆ. ಸ್ವಲ್ಪ ಬೆಳೆದ ಮೇಲೆ ಆಟಿಕೆ ಹಿಡಿಯುತ್ತದೆ. ಇನ್ನೂ ಬೆಳೆದ ಮೇಲೆ ಕಣ್ಣು, ಕಿವಿ, ಮೂಗು, ನಾಲಗೆ, ಮೈಗೆ ಹಿತವಾದದ್ದರಲ್ಲಿ ಸುಖ ಕಾಣುತ್ತದೆ. ಅಲ್ಲಿಂದ ಮುಂದೆ ಧಮ್ಮ ಕೇಳಿ, ಧ್ಯಾನದ ಸುಖ ಕಾಣುವವರೂ ಇದ್ದಾರೆ. ಒಂದೊಂದು ಮೆಟ್ಟಿಲಿನಲ್ಲೂ ಬುದ್ಧರು ಉಪಾಲಿಯನ್ನು ಕೇಳುವುದು ಒಂದೇ: ಇದು ಹಿಂದಿನದಕ್ಕಿಂತ ಮೇಲಲ್ಲವೇ?

ಆ ಆಟಿಕೆಗಳ ಪಟ್ಟಿ ಕನ್ನಡ ಮೇಷ್ಟರಾದ ನನಗೆ ಬಹಳ ಇಷ್ಟ. ಆಟದ ನೇಗಿಲು, ಆಟದ ಗಾಡಿ, ಪುಟ್ಟ ಬಿಲ್ಲು, ಮರಳು ಅಳೆಯಲು ಎಲೆಯಲ್ಲಿ ಮಾಡಿದ ಸೇರು, ಗಾಳಿಗೆ ತಿರುಗುವ ತಾಳೆಗರಿಯ ಗಿರಗಿಟ್ಲೆ. 'ಘಟಿಕ' ಎಂದರೆ ಉದ್ದ ಕೋಲಿನಿಂದ ಗಿಡ್ಡ ಕೋಲನ್ನು ಹೊಡೆಯುವ ಆಟ ಎಂದು ಅಟ್ಠಕಥೆ ವಿವರಿಸುತ್ತದೆ. ನಮ್ಮ ಚಿನ್ನಿದಾಂಡು! ಎರಡೂವರೆ ಸಾವಿರ ವರ್ಷದ ಹಿಂದಿನ ಮಕ್ಕಳೂ ಅದನ್ನೇ ಆಡಿದ್ದಾರೆ. ಈ ಸುತ್ತದಲ್ಲಿ ಆಡುವ ಮಗುವಿಗೆ ಬೈಗುಳವಿಲ್ಲ. ವಯಸ್ಸು ಬಲಿತ ಹಾಗೆ ಸುಖ ಕೊಡುವ ವಸ್ತು ಬದಲಾಗುತ್ತದೆ ಎಂಬ ಸಾದಾ ಮಾತಷ್ಟೇ ಇದೆ.

ಈಗ ನಮ್ಮ ತಲೆಮಾರಿಗೆ ಬರೋಣ. 1985ರಲ್ಲಿ ಜಪಾನಿನಲ್ಲಿ ಹುಟ್ಟಿದ ಸೂಪರ್ ಮಾರಿಯೋ ನಮ್ಮ ಪೇಟೆಯ ವಿಡಿಯೋ ಗೇಮ್ ಅಂಗಡಿಗೆ ಬಂದಾಗ ನಾವು ಹೈಸ್ಕೂಲು ಹುಡುಗರು. ಊರಿನ ಮೈದಾನದಲ್ಲಿ ಬ್ಯಾಟು ನಮ್ಮ ಕೇರಿಯ ಹುಡುಗರ ಕೈಗೆ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಪೇಟೆಯ ಅಂಗಡಿಯಲ್ಲಿ ಹಾಗಲ್ಲ. ದುಡ್ಡು ಕೊಟ್ಟವನ ಕೈಗೆ ಜಾಯ್‌ಸ್ಟಿಕ್ಕು. ನೀನು ಯಾವ ಕೇರಿಯವನು ಎಂದು ಪರದೆ ಕೇಳಲಿಲ್ಲ. ಅಲ್ಲಿ ಗೆದ್ದಾಗ ಸಿಕ್ಕ ಖುಷಿ ಆಟದ್ದು ಮಾತ್ರ ಆಗಿರಲಿಲ್ಲ. ನಮ್ಮಂಥವರಿಗೆ ಗೆಲುವಿಗೆ ಒಂದು ಗುಲಗಂಜಿ ತೂಕ ಜಾಸ್ತಿಯೇ ಇತ್ತು. ಆಮೇಲೆ ನೋಕಿಯಾ ಫೋನಿನ ಹಾವಿನ ಆಟ ಬಂತು, ಸೈಬರ್ ಕೆಫೆಯ ಗುಂಡಿನ ಆಟ ಬಂತು, ಈಗ ಅಂಗೈಯಲ್ಲೇ ಎಲ್ಲ.

ವಯಸ್ಸಾದ ಹಾಗೆ ಏನಾಗುತ್ತದೆ? ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸ್ಟಾರ್‌ಕ್ರಾಫ್ಟ್ 2 ಎಂಬ ಯುದ್ಧತಂತ್ರದ ಆಟವನ್ನು ಆಡುವ 16ರಿಂದ 44 ವರ್ಷದ 3,305 ಜನರ ಆಟದ ದಾಖಲೆಗಳನ್ನು ಪರಿಶೀಲಿಸಿದರು. ಕಂಡದ್ದಕ್ಕೆ ಕೈ ಸ್ಪಂದಿಸುವ ವೇಗ 24ನೇ ವಯಸ್ಸಿನಿಂದಲೇ ಇಳಿಯತೊಡಗುತ್ತದೆ ಎಂದು ಕಂಡುಬಂತು. ಇಪ್ಪತ್ತನಾಲ್ಕು! ನಾವು ನಲವತ್ತಕ್ಕೆ ಗಾಬರಿಯಾಗುತ್ತೇವೆ. ಆದರೆ ದೊಡ್ಡ ವಯಸ್ಸಿನವರು ಸುಮ್ಮನೆ ಸೋಲುತ್ತಿರಲಿಲ್ಲ. ಸರಳವಾದ ತಂತ್ರ ಹಿಡಿದು, ಆಟದಲ್ಲಿರುವ ಸಲಕರಣೆಗಳನ್ನು ಜಾಣತನದಿಂದ ಬಳಸಿ ಆ ಕೊರತೆ ತುಂಬಿಕೊಳ್ಳುತ್ತಿದ್ದರು. ಆಟಗಾರರನ್ನು ದೊಡ್ಡ ಸಂಖ್ಯೆಯಲ್ಲಿ ಸಮೀಕ್ಷೆ ಮಾಡಿರುವ ಕ್ವಾಂಟಿಕ್ ಫೌಂಡ್ರಿ ಸಂಸ್ಥೆ ಇನ್ನೊಂದು ಮಾತು ಹೇಳುತ್ತದೆ. ವಯಸ್ಸಿನೊಂದಿಗೆ ಎಲ್ಲಕ್ಕಿಂತ ಹೆಚ್ಚು ಕುಗ್ಗುವುದು ಪೈಪೋಟಿಯ ಆಸೆ, ಯೋಚಿಸಿ ಹೆಜ್ಜೆ ಇಡುವುದರ ಸುಖ ಅಷ್ಟಾಗಿ ಕುಗ್ಗುವುದಿಲ್ಲ.

ಇದನ್ನು ನಾನು ಸುತ್ತಲೂ ಕಾಣುತ್ತೇನೆ. ಒಂದು ಕಾಲದಲ್ಲಿ ಸೋತರೆ ಕೀಬೋರ್ಡು ಕುಟ್ಟುತ್ತಿದ್ದ ಗೆಳೆಯ ಈಗ ಮಗಳ ಪಕ್ಕ ಕೂತು, ಬೇಕೆಂದೇ ಸೋತು, ಅವಳ ಮುಖ ನೋಡುತ್ತಾನೆ. ಇನ್ನೊಬ್ಬರು ಶಬ್ದ ಆಫ್ ಮಾಡಿ ಬಣ್ಣದ ಮಿಠಾಯಿ ಜೋಡಿಸುತ್ತಾರೆ, ಬಸ್ಸಿನಲ್ಲಿ, ಹತ್ತೇ ನಿಮಿಷ. ಕೆಲವರು ಹಳೆಯ ಮಾರಿಯೋವನ್ನೇ ಹುಡುಕಿ ಹಾಕಿಕೊಂಡು ಆ ಸಂಗೀತ ಕೇಳಿ ಸಾಕು ಎನ್ನುತ್ತಾರೆ. ಉಪಾಲಿ ಸುತ್ತದ ಮೆಟ್ಟಿಲು ಇವರಿಗೆ ತಾನಾಗೇ ಸಿಕ್ಕಿದೆ. ಇದರಲ್ಲಿ ಅಳುವಂಥದ್ದೇನೂ ಇಲ್ಲ. ಅನಿಚ್ಚವೆಂದರೆ ಸಾವು, ರೋಗ ಮಾತ್ರ ಎಂದುಕೊಂಡಿರುತ್ತೇವೆ, ನಮ್ಮ ಖುಷಿಗೂ ಅದೇ ಲಕ್ಷಣ.

ಆದರೆ ನಮ್ಮ ಬಂಧು ಸಿಕ್ಕಿಕೊಂಡಿರುವುದು ಮೆಟ್ಟಿಲಿನ ಮಧ್ಯೆ. ಅವರಿಗೆ ಬೇಕಾದದ್ದು ಎರಡನೆಯ ಸುತ್ತ, ಸಂಯುತ್ತ ನಿಕಾಯದ ರಾಧ ಸಂಯುತ್ತದಲ್ಲಿದೆ. ಸಾವತ್ಥಿಯಲ್ಲಿ ರಾಧ ಭಿಕ್ಖು ಕೇಳುತ್ತಾನೆ: ಜೀವಿಯನ್ನು 'ಸತ್ತ' ಎನ್ನುತ್ತಾರಲ್ಲ, ಯಾಕೆ? ಪಾಳಿಯಲ್ಲಿ ಆ ಪದಕ್ಕೆ ಜೀವಿ ಎಂದೂ ಅರ್ಥ, ಅಂಟಿಕೊಂಡವನು ಎಂದೂ ಅರ್ಥ. (ಕನ್ನಡದ 'ಸತ್ತ'ಕ್ಕೂ ಇದಕ್ಕೂ ನಂಟಿಲ್ಲ. ಆದರೂ ಪರದೆಯ ಮೇಲಿನ ಗೊಂಬೆಗೆ ಗುಂಡು ತಗುಲಿದರೆ ನಾವು "ಅಯ್ಯೋ, ನಾನು ಸತ್ತೆ" ಅಂತೀವಲ್ಲ, ಅದನ್ನು ಒಮ್ಮೆ ಯೋಚಿಸಿ. ನಮ್ಮದಲ್ಲದ ಮೈಗೆ ಎಷ್ಟು ಬೇಗ 'ನಾನು' ಎಂದುಬಿಡುತ್ತೇವೆ!) ರೂಪ, ವೇದನೆ ಮೊದಲಾದ ಐದು ಖಂಧಗಳಿಗೆ ಅಂಟಿಕೊಂಡವನೇ ಸತ್ತ ಎಂದು ಬುದ್ಧರು ವಿವರಿಸುತ್ತಾರೆ. ಆಮೇಲೆ ಒಂದು ಚಿತ್ರ ಕೊಡುತ್ತಾರೆ. ಹುಡುಗರೋ ಹುಡುಗಿಯರೋ ಮರಳಿನ ಮನೆ ಕಟ್ಟಿ ಆಡುತ್ತಾರೆ. ಅದರ ಮೇಲೆ ಆಸೆ ಇರುವ ತನಕ ನನ್ನದು ಎಂದು ಜೋಪಾನ ಮಾಡುತ್ತಾರೆ. ಆಸೆ ಹೋದ ದಿನ ಕೈಯಿಂದ, ಕಾಲಿನಿಂದ ಅದನ್ನು ಚದುರಿಸಿ ಕೆಡವಿಬಿಡುತ್ತಾರೆ.

ಮರಳಿನ ಮನೆಯನ್ನು ಮಕ್ಕಳು ಸುಲಭವಾಗಿ ಕೆಡವಬಲ್ಲರು, ಏಕೆಂದರೆ ಅದು ಅವರನ್ನು ವಾಪಸ್ ಕರೆಯುವುದಿಲ್ಲ. ಇಂದಿನ ಮೊಬೈಲ್ ಆಟ ಕರೆಯುತ್ತದೆ. ದಿನಾ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ಮೂವತ್ತು ದಿನದ ಲೆಕ್ಕ ಸೊನ್ನೆ, ಮಧ್ಯರಾತ್ರಿಗೆ ಮುಗಿಯುವ ಆಫರ್. ಇವೆಲ್ಲ ಆಟದ ಸುಖಕ್ಕೆ ಸೇರಿದವಲ್ಲ, ಸುಖ ಹೋದ ಮೇಲೂ ಆಸೆಯನ್ನು ಜೀವಂತ ಇಡಲು ಲೆಕ್ಕ ಹಾಕಿ ಮಾಡಿದವು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಮಿದುಳು ವಿಜ್ಞಾನಿ ಕೆಂಟ್ ಬೆರಿಡ್ಜ್ ಇಷ್ಟಪಡುವುದು ಬೇರೆ, ಬೇಕೆನಿಸುವುದು ಬೇರೆ, ಎರಡಕ್ಕೂ ಮಿದುಳಿನಲ್ಲಿ ಬೇರೆ ಬೇರೆ ವ್ಯವಸ್ಥೆಗಳಿವೆ ಎಂದು ತೋರಿಸಿದ್ದಾರೆ. ಇಷ್ಟವಿಲ್ಲದಿದ್ದರೂ ಬೇಕೆನಿಸಬಹುದು. ಪಟಿಚ್ಚ ಸಮುಪ್ಪಾದದಲ್ಲಿ ವೇದನೆ ಒಂದು ಕೊಂಡಿ, ತಣ್ಹಾ ಮುಂದಿನ ಕೊಂಡಿ ಎಂದು ನಾವು ಓದಿದ್ದೇವಲ್ಲ, ಎರಡನ್ನೂ ಬೇರೆಯಾಗಿ ನೋಡುವುದನ್ನು ಕಲಿಯಲು ಬಂಧುವಿನ ರಾತ್ರಿಯ ಒಂದು ಗಂಟೆಗಿಂತ ಒಳ್ಳೆಯ ಪ್ರಯೋಗಶಾಲೆ ಯಾವುದು? ನಲವತ್ತು ದಾಟಿದವರಿಗೆ ಇಲ್ಲೊಂದು ಅನುಕೂಲವೂ ಇದೆ. ಹದಿನೆಂಟರ ಹುಡುಗನಿಗೆ ಸುಖವೂ ಆಸೆಯೂ ಒಂದೇ ಹಗ್ಗದಂತೆ ಹೊಸೆದುಕೊಂಡಿರುತ್ತವೆ. ನಮಗೆ ಸುಖದ ಎಳೆ ಸವೆದು ಆಸೆಯ ಎಳೆ ಒಂಟಿಯಾಗಿ ಕಾಣುತ್ತದೆ.

ಹಾಗಾದರೆ ಆಟವೇ ವ್ಯರ್ಥ, ಬಿಡುವು ಸಿಕ್ಕರೆ ಬರೀ ಪುಸ್ತಕ ಹಿಡಿಯಬೇಕು ಎಂದು ನಾನು ಹೇಳಲಾರೆ. ನಮ್ಮ ಅಜ್ಜಿಯರಿಗೆ ಬಿಡುವೆಂದರೆ ಕಾಯಿಲೆ ಬಿದ್ದ ದಿನ. ಬಾಬಾಸಾಹೇಬರು 1945ರ ತಮ್ಮ ಪುಸ್ತಕದಲ್ಲಿ ಗಾಂಧೀವಾದವನ್ನು ವಿಮರ್ಶಿಸುವಾಗ ಬಿಡುವಿನ ಪರವಾಗಿ ವಾದಿಸಿದರು. ಮನುಷ್ಯ ದುಡಿದು ಉಂಡು ಮಲಗುವ ಪ್ರಾಣಿಯಲ್ಲ, ಸಂಸ್ಕೃತಿಯ ಬದುಕಿಗೆ ಬಿಡುವು ಬೇಕು, ಆ ಬಿಡುವನ್ನು ಯಂತ್ರ ಕೊಡುತ್ತದೆ ಎಂಬುದು ಅವರ ವಾದ. ಅವರು ಸ್ವತಃ ಇಳಿವಯಸ್ಸಿನಲ್ಲಿ ಪಿಟೀಲು ಕಲಿಯುತ್ತಿದ್ದರು. ಸಂಬಳ, ಫ್ಯಾನು, ರಾತ್ರಿಯ ಒಂದು ಗಂಟೆ ಕಂಡ ಮೊದಲ ತಲೆಮಾರು ನಾವು. ಆ ಗಂಟೆ ನಮಗೆ ಪುಕ್ಕಟೆ ಬಂದದ್ದಲ್ಲ. ಅದನ್ನು ಖುಷಿಯಾಗಿ ಆಡಿ ಕಳೆದರೆ ನನ್ನ ತಕರಾರಿಲ್ಲ. ಖುಷಿಯೂ ಇಲ್ಲದೆ ಯಾರದೋ ಕಂಪನಿಯ ಲೆಕ್ಕಕ್ಕೆ ಬರೆದುಕೊಡುವುದಕ್ಕೆ ಮಾತ್ರ ತಕರಾರು.

ಈ ವಾರದ ಅಭ್ಯಾಸ ಹೀಗಿರಲಿ. ಆಡುವವರು ಆಡಿ, ನಿಲ್ಲಿಸಬೇಡಿ. ಆಟ ತೆರೆಯುವ ಮೊದಲು ಮೂರು ಉಸಿರು ಗಮನಿಸಿ. ಹತ್ತು ನಿಮಿಷ ಆದ ಮೇಲೆ ಫೋನು ಬೋರಲು ಹಾಕಿ, ಈಗ ಇರುವುದು ಸುಖ ವೇದನೆಯೋ, ದುಃಖ ವೇದನೆಯೋ, ಎರಡೂ ಅಲ್ಲದ್ದೋ ನೋಡಿ. ಒಂದು ಚೀಟಿಯಲ್ಲಿ ಒಂದು ಪದ ಬರೆದಿಡಿ. ಮತ್ತೆ ಆಡಬೇಕೆನಿಸಿದರೆ ಆಡಿ. ಮನೆಯಲ್ಲಿ ಮಕ್ಕಳು ಆಡುತ್ತಿದ್ದರೆ ಫೋನು ಕಿತ್ತುಕೊಳ್ಳುವ ಮುಂಚೆ ಒಂದು ಸಲ ಪಕ್ಕ ಕೂತು, ಅದರಲ್ಲಿ ಏನು ಚೆನ್ನಾಗಿದೆ ಎಂದು ಕೇಳಿ. ಚೀಟಿಗಳನ್ನು ಭಾನುವಾರ ತನ್ನಿ, ಹೆಸರು ಬರೆಯುವುದು ಬೇಡ.

ನಾಳೆಯ ಪಾಠ ಸಿಗಾಲೋವಾದ ಸುತ್ತ: ಸಂಪತ್ತು ಸೋರಿಹೋಗುವ ಆರು ದಾರಿಗಳು, ಅದರಲ್ಲೂ ಜೂಜು. ಪುಸ್ತಕ ಇದ್ದವರು ಒಮ್ಮೆ ಓದಿಕೊಂಡಿರಿ.

ಜೈಭೀಮ್. ನಮೋ ಬುದ್ಧಾಯ.