ಅರ್ಧ ತಾಸು ನೋಡು, ಆಮೇಲೆ ಕೇಳು

ಮಗಳೇ, ಮೊನ್ನೆ ರಾತ್ರಿ ಬೆಂಗಳೂರಿನ ಪಿ.ಜಿ.ಯಿಂದ ಫೋನ್ ಮಾಡಿ, “ಕಾಕಾ, ನನಗ ಏನೂ ತಿಳೀವಲ್ದು, ವಾಪಸ್ ಶಹಾಪುರಕ್ಕ ಬಂದುಬಿಡ್ಲೇನು?” ಅಂದೆಯಲ್ಲ, ಆಗ ನಾನು ಹೇಳಬೇಕಾದ್ದು ಸರಿಯಾಗಿ ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸಕ್ಕೆ ಸೇರಿ ಎರಡು ವಾರಕ್ಕೆ ಏನೂ ತಿಳಿಯದಿರುವುದು ಸಹಜ. ಕಾಲೇಜಿನಲ್ಲಿ ನೀನು ಮಾಡಿದ ಪ್ರಾಜೆಕ್ಟ್ ಹೆಚ್ಚೆಂದರೆ ಎರಡು ಸಾವಿರ ಸಾಲಿನದು. ಈಗ ನಿನ್ನ ಲ್ಯಾಪ್‌ಟಾಪಿನಲ್ಲಿರುವುದು ಹತ್ತಾರು ಜನ ವರ್ಷಗಟ್ಟಲೆ ಬರೆದು, ತಿದ್ದಿ, ಮತ್ತೆ ಬರೆದ ಕೋಡ್. ಬರೆದವರಲ್ಲಿ ಎಷ್ಟೋ ಮಂದಿ ಕೆಲಸ ಬಿಟ್ಟು ಹೋಗಿರುತ್ತಾರೆ. ಅದನ್ನು ಪೂರ್ತಿ ಬಲ್ಲವರು ಅಲ್ಲಿ ಯಾರೂ ಇರುವುದಿಲ್ಲ, ನಿನ್ನ ಮ್ಯಾನೇಜರೂ ಬಲ್ಲವರಲ್ಲ. ಒಬ್ಬೊಬ್ಬರಿಗೂ ಅವರವರ ಓಣಿ ಗೊತ್ತು, ಇಡೀ ಊರು ಗೊತ್ತಿಲ್ಲ. ನಿನಗೆ ಇನ್ನೂ ಓಣಿಯೂ ಸಿಕ್ಕಿಲ್ಲ, ಅಷ್ಟೇ.

ನನಗೆ ಚಿಂತೆಯಾದದ್ದು ಇನ್ನೊಂದಕ್ಕೆ. “ಯಾರನ್ನಾದ್ರೂ ಕೇಳಿದ್ಯೇನವ್ವಾ?” ಅಂದಾಗ ನೀನು ಸುಮ್ಮನಾದೆ. ಆ ಮೌನ ನನಗೆ ಗೊತ್ತು. ನಮ್ಮ ಕಡೆ ದೊಡ್ಡವರ ಮುಂದೆ ಬಾಯಿ ತೆರೆಯದಿರುವುದೇ ಮರ್ಯಾದೆ ಅಂತ ಕಲಿಸಿ ಬೆಳೆಸುತ್ತೇವೆ. ಯಾದಗಿರಿ, ಶಹಾಪುರ, ಸುರಪುರದ ಯಾವ ಶಾಲೆಗೆ ಹೋದರೂ ಜಾಣ ಮಕ್ಕಳು ಹಿಂದಿನ ಸಾಲಿನಲ್ಲಿ ತಲೆ ಬಗ್ಗಿಸಿ ಕೂತಿರುವುದನ್ನು ಕಾಣಬಹುದು. ಆದರೆ ಆಫೀಸಿನಲ್ಲಿ ನಿನ್ನ ಮೌನವನ್ನು ಯಾರೂ ಮರ್ಯಾದೆ ಅಂದುಕೊಳ್ಳುವುದಿಲ್ಲ. “ಈ ಹುಡುಗಿಗೆ ಎಲ್ಲ ತಿಳಿದಿದೆ” ಅಂದುಕೊಳ್ಳುತ್ತಾರೆ, ಇಲ್ಲವೇ “ಆಸಕ್ತಿ ಇಲ್ಲ” ಅಂದುಕೊಳ್ಳುತ್ತಾರೆ. ಎರಡೂ ಸುಳ್ಳು, ಎರಡರಿಂದಲೂ ನಿನಗೇ ನಷ್ಟ.

ನಾನು ಈ ನಷ್ಟ ಅನುಭವಿಸಿದವನು. ನನ್ನ ಮೊದಲ ಕೆಲಸದಲ್ಲಿ ಒಂದು ಪ್ರೋಗ್ರಾಂ ನನ್ನ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತಿರಲಿಲ್ಲ. ಸೋಮವಾರದಿಂದ ಗುರುವಾರದವರೆಗೆ ಒಬ್ಬನೇ ಗುದ್ದಾಡಿದೆ. ಊಟಕ್ಕೂ ಯಾರ ಜೊತೆಯೂ ಹೋಗಲಿಲ್ಲ, ಎಲ್ಲಿ “ಎಷ್ಟಾಯಿತು?” ಅಂತ ಕೇಳುತ್ತಾರೋ ಎಂಬ ಭಯ. ಶುಕ್ರವಾರ ಪಕ್ಕದವರು ತಾವಾಗಿಯೇ ಬಂದು ನೋಡಿದರು. ಒಂದು ಕಾನ್ಫಿಗ್ ಫೈಲಿನಲ್ಲಿ ಹಳೆಯ ಸರ್ವರ್‌ನ ವಿಳಾಸ ಉಳಿದಿತ್ತು. ಎರಡು ನಿಮಿಷದ ಕೆಲಸ. ಅವರು ಬೈಯಲಿಲ್ಲ, “ಸೋಮವಾರನೇ ಯಾಕೆ ಕೇಳಲಿಲ್ಲ?” ಅಂತ ಮಾತ್ರ ಅಂದರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದಕ್ಕೇ ಹೇಳುವುದು, ಎಲ್ಲಾದರೂ ಸಿಕ್ಕಿಕೊಂಡರೆ ಅರ್ಧ ತಾಸು ನೀನೇ ನೋಡು. ಎರರ್ ಬಂದರೆ ಗಾಬರಿಯಾಗಿ ಮುಚ್ಚಬೇಡ, ಓದು. ನಲವತ್ತು ಸಾಲಿನ ಎರರ್‌ನಲ್ಲಿ ಬಹುಪಾಲು ಲೈಬ್ರರಿಗಳ ಗದ್ದಲ. ನಿಮ್ಮದೇ ಪ್ರಾಜೆಕ್ಟಿನ ಫೈಲ್ ಹೆಸರು, ಸಾಲಿನ ನಂಬರ್ ಎಲ್ಲಿದೆ ಹುಡುಕು. ಪೈಥಾನ್ ಆದರೆ ಕೊನೆಯ ಸಾಲನ್ನು ಮೊದಲು ನೋಡು, ಏನು ತಪ್ಪಾಗಿದೆ ಎಂಬುದು ಅಲ್ಲೇ ಇರುತ್ತದೆ. ಜಾವಾ ಆದರೆ ‘ಕಾಸ್ಡ್ ಬೈ’ ಅಂತ ಶುರುವಾಗುವ ಸಾಲುಗಳಲ್ಲಿ ಕಟ್ಟಕಡೆಯದನ್ನು ಹಿಡಿ. ಅರ್ಧ ತಾಸಾದ ಮೇಲೂ ದಾರಿ ಕಾಣದಿದ್ದರೆ ಕೇಳು. ಏನು ಮಾಡಲು ಹೊರಟಿದ್ದೆ, ಏನೇನು ಮಾಡಿ ನೋಡಿದೆ, ಏನು ಬಂತು, ನಿನಗೆ ಏನನ್ನಿಸುತ್ತದೆ, ಇಷ್ಟನ್ನು ಬರೆದು ಕಳಿಸು. ಬರೆಯುವಾಗಲೇ ಎಷ್ಟೋ ಸಲ ಉತ್ತರ ಹೊಳೆಯುತ್ತದೆ. ಸಿಕ್ಕ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡು, ಕನ್ನಡದಲ್ಲೇ ಬರೆದರೂ ಆದೀತು. ಅದೇ ಪ್ರಶ್ನೆಯನ್ನು ಎರಡನೇ ಸಲ ಒಯ್ಯಬೇಡ.

ನಿನ್ನ ಮೊದಲ ಕೋಡಿಗೆ ರಿವ್ಯೂನಲ್ಲಿ ಇಪ್ಪತ್ಮೂರು ಕಾಮೆಂಟ್ ಬಂದವೆಂದು ಅತ್ತೆಯಲ್ಲ. ಹತ್ತಿ ಬಿಡಿಸಲು ಮೊದಲ ಸಲ ಹೊಲಕ್ಕೆ ಹೋದ ದಿನ ನೆನಪಿದೆಯಾ? ನಿಮ್ಮವ್ವ ನಿನ್ನನ್ನು ತನ್ನ ಪಕ್ಕದ ಸಾಲಿಗೇ ಹಾಕಿಕೊಂಡಿದ್ದಳು. ನಿನ್ನ ಉಡಿಯೊಳಗಿನ ಹತ್ತಿ ತೆಗೆದು ತೆಗೆದು ನೋಡಿ, ಒಣ ಎಲೆಯ ಚೂರು ಆರಿಸಿ, “ಹಿಂಗಲ್ಲ, ಹಿಂಗ ತೆಗೀಬೇಕು” ಅಂತ ಕೈ ಹಿಡಿದು ತೋರಿಸಿದಳು. ಕಸ ಇದ್ದ ಹತ್ತಿಗೆ ರೇಟು ಬೀಳುತ್ತದೆ ಎಂದು ಅವಳಿಗೆ ಗೊತ್ತಿತ್ತು, ನಿನಗೆ ಗೊತ್ತಿರಲಿಲ್ಲ. ಅವತ್ತು ನಿನಗೆ ಅವಮಾನ ಅನ್ನಿಸಲಿಲ್ಲ. ರಿವ್ಯೂ ಕೂಡ ಪಕ್ಕದ ಸಾಲಿನವರು ಚೂರು ಆರಿಸಿ ಕೊಡುವ ಕೆಲಸವೇ. ಪರೀಕ್ಷೆಯಲ್ಲಿ ಕೆಂಪು ಶಾಯಿ ಬಿದ್ದರೆ ಅಲ್ಲಿಗೆ ಮುಗಿಯಿತು. ಇಲ್ಲಿ ಅದೇ ಉತ್ತರವನ್ನು ತಿದ್ದಿ ಮತ್ತೆ ಕೊಡುವ ಅವಕಾಶವಿದೆ. ಅರ್ಥವಾಗದ ಕಾಮೆಂಟ್ ಇದ್ದರೆ ಹಾಗೇ ಒಪ್ಪಿಕೊಳ್ಳಬೇಡ, ಯಾಕೆ ಅಂತ ಕೇಳು.

ತಪ್ಪಾದರೆ ಏನು ಗತಿ ಅಂದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಅನುಭವಿ ಇಂಜಿನಿಯರೊಬ್ಬರು ತಡರಾತ್ರಿ ದಣಿದಿದ್ದಾಗ, ಬೇರೆ ಸರ್ವರ್‌ನಲ್ಲಿದ್ದೇನೆ ಅಂದುಕೊಂಡು ಅಸಲಿ ಡೇಟಾಬೇಸನ್ನೇ ಅಳಿಸಿಬಿಟ್ಟರು. ಸುಮಾರು 300 ಜಿಬಿ ಇದ್ದದ್ದು ನಿಲ್ಲಿಸುವಷ್ಟರಲ್ಲಿ 4.5 ಜಿಬಿಗೆ ಇಳಿದಿತ್ತು. ಬ್ಯಾಕಪ್‌ಗಳು ನೋಡಿದರೆ ಒಂದೊಂದೂ ಕೈಕೊಟ್ಟಿದ್ದವು. ಆಕಸ್ಮಿಕವಾಗಿ ಆರು ತಾಸು ಮೊದಲು ತೆಗೆದಿಟ್ಟ ಒಂದು ಪ್ರತಿ ಅವರನ್ನು ಕಾಪಾಡಿತು, ಆ ಆರು ತಾಸಿನ ಡೇಟಾ ಹೋಯಿತು. ಕಂಪನಿ ಒಂದನ್ನೂ ಮುಚ್ಚಿಡಲಿಲ್ಲ. ದುರಸ್ತಿ ಕೆಲಸವನ್ನು ಲೋಕವೆಲ್ಲ ನೋಡುವಂತೆ ನೇರ ಪ್ರಸಾರ ಮಾಡಿತು, ವ್ಯವಸ್ಥೆಯಲ್ಲಿ ಎಲ್ಲಿ ಲೋಪವಿತ್ತು ಅಂತ ಉದ್ದಕ್ಕೆ ಬರೆದು ಪ್ರಕಟಿಸಿತು. ನಿನ್ನಂಥ ಹೊಸಬರ ಕೈಗೆ ಅಸಲಿ ಡೇಟಾಬೇಸ್ ಸಿಗದ ಹಾಗೆ ನೋಡಿಕೊಳ್ಳುವುದು ಕಂಪನಿಯ ಜವಾಬ್ದಾರಿ. ತಪ್ಪಾಗಿದ್ದು ಕಂಡ ಕೂಡಲೇ ಬಾಯಿಬಿಟ್ಟು ಹೇಳುವುದು ನಿನ್ನದು.

ಇಂಗ್ಲಿಷ್‌ಗೆ ಹೆದರಬೇಡ. ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ನಿನ್ನೆ ಏನಾಯಿತು, ಇವತ್ತು ಏನು, ಎಲ್ಲಿ ನಿಂತಿದೆ, ಮೂರು ವಾಕ್ಯ ಬರೆದುಕೊಂಡು ಹೋಗಿ ಓದು. ತಿಂಗಳೊಪ್ಪತ್ತಿನಲ್ಲಿ ಚೀಟಿ ಬೇಡವಾಗುತ್ತದೆ.

ಇನ್ನೊಂದು ಮಾತು ನನ್ನ ಮನಸ್ಸಿಗೂ ನಾಟಿದೆ. ಯಾರೋ ನಿನ್ನನ್ನು ‘371(ಜೆ) ಕೋಟಾದವಳು’ ಅಂದರಂತೆ. 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು, ಆಮೇಲೂ ಶಾಲೆ ಕಾಲೇಜುಗಳಿಗೆ ದಶಕಗಟ್ಟಲೆ ಕಾದ ಸೀಮೆ ನಮ್ಮದು. ನಮ್ಮ ಸೀಮೆಗೆ ಮೀಸಲಾತಿ ಕೊಡುವ ಆ ಕಲಂ ಸಂವಿಧಾನಕ್ಕೆ ಸೇರಲು 2012ರ ಕೊನೆಯವರೆಗೆ ಹೋರಾಡಬೇಕಾಯಿತು. ಅದು ನಿನಗೆ ಕಾಲೇಜಿನ ಬಾಗಿಲು ತೆರೆಯಿತು, ಒಳಗೆ ಓದಿ ಪಾಸಾದವಳು ನೀನು. ಈ ಖಾಸಗಿ ಕಂಪನಿಯ ಇಂಟರ್ವ್ಯೂನಲ್ಲಿ ಆ ಕಲಂ ಇರಲೇ ಇಲ್ಲ. ತಲೆ ಎತ್ತಿ ಕೂತುಕೋ.

ನಿಮ್ಮವ್ವ ಶೇಂಗಾ ಹಿಂಡಿ, ಖಡಕ್ ರೊಟ್ಟಿ ಕಟ್ಟಿಟ್ಟಿದ್ದಾಳೆ. ಶನಿವಾರ ಯಾದಗಿರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವವರ ಕೈಯಲ್ಲಿ ಕಳಿಸುತ್ತೇನೆ. ಯಾರನ್ನೂ ಕೇಳದೆ ಮೂರು ದಿನದಿಂದ ಇಟ್ಟುಕೊಂಡು ಕೂತಿರುವ ಪ್ರಶ್ನೆಯನ್ನು ಇವತ್ತೇ ಬರೆದು ನಿನ್ನ ಸೀನಿಯರ್‌ಗೆ ಕಳಿಸು. ಏನಂದರು ಅಂತ ರಾತ್ರಿ ಫೋನ್ ಮಾಡು, ಎಂಟರ ಮೇಲೆ ಮನೆಯಲ್ಲೇ ಇರುತ್ತೇನೆ.