ಹವಳದ ದೀಪ ಮತ್ತು ಅದರ ಒರೆಗಲ್ಲು

‘ಹವಳ’ವೆಂಬುದು ಸಂಸ್ಕೃತದ ‘ಪ್ರವಾಲ’ ಶಬ್ದದ ತದ್ಭವ. ಹಳಗನ್ನಡದಲ್ಲಿ ಇದರ ರೂಪ ‘ಪವಳ’. ಪ್ರವಾಲವೆಂದರೆ ಹವಳವೂ ಹೌದು, ಎಳೆಯ ಚಿಗುರೂ ಹೌದು. ಬೆಳೆಯುವ ವಸ್ತುವಿಗೆ ಚಿಗುರಿನ ಹೆಸರು ಸಂದಿರುವುದು ಉಚಿತವೇ ಆಗಿದೆ. ಆದರೆ ನವರತ್ನಗಳಲ್ಲಿ ಎಣಿಸಲ್ಪಡುವ ಕೆಂಪು ಹವಳ ಬೇರೆ, ಉಷ್ಣವಲಯದ ಸಮುದ್ರಗಳಲ್ಲಿ ದಿಬ್ಬಗಳನ್ನು ಕಟ್ಟುವ ಹವಳ ಬೇರೆ. ಮೊದಲನೆಯದು ಮೆಡಿಟರೇನಿಯನ್ ಸಮುದ್ರದ ಗುಹೆಗಳಲ್ಲಿಯೂ ಬಂಡೆಗಳ ನೆರಳಿನಲ್ಲಿಯೂ ಮಂದವಾದ ಬೆಳಕಿನಲ್ಲಿ ಬೆಳೆಯುತ್ತದೆ. ಎರಡನೆಯದಕ್ಕಾದರೋ ಬೆಳಕೇ ಅನ್ನ. ಇಲ್ಲಿ ವಿಚಾರಿಸಬೇಕಾಗಿರುವುದು ಈ ಎರಡನೆಯ ಹವಳದ ವಿಷಯ. ಅದನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಬೆಳೆಸಲೆಂದು ಮಾರಲಾಗುವ ದೀಪಗಳನ್ನು ಅವುಗಳ ತಯಾರಕರು ಎಷ್ಟರಮಟ್ಟಿಗೆ ಪರೀಕ್ಷಿಸುತ್ತಾರೆಂಬುದೇ ಪ್ರಕೃತ ಪ್ರಶ್ನೆ.

ಹವಳವು ಗಿಡವಲ್ಲ, ಕಲ್ಲೂ ಅಲ್ಲ, ಅದೊಂದು ಪ್ರಾಣಿ. ಪಾಲಿಪ್ ಎಂಬ ಸಣ್ಣ ಜೀವಿಗಳು ಒಂದರ ಪಕ್ಕದಲ್ಲೊಂದು ಸೇರಿ, ತಮ್ಮ ಅಡಿಯಲ್ಲಿ ಸುಣ್ಣದ ಅಸ್ಥಿಪಂಜರವನ್ನು ಕಟ್ಟಿಕೊಳ್ಳುತ್ತವೆ. ಅವುಗಳ ಅಂಗಾಂಶದೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಗಳು ವಾಸಿಸುತ್ತವೆ. ಬೆಳಕಿನ ಬಲದಿಂದ ಈ ಪಾಚಿಗಳು ಆಹಾರವನ್ನು ತಯಾರಿಸಿ, ಅದರ ಬಹುಭಾಗವನ್ನು ಆಶ್ರಯವಿತ್ತ ಹವಳಕ್ಕೆ ಒಪ್ಪಿಸುತ್ತವೆ. 1928-29ರಲ್ಲಿ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಹೋದ ವೈಜ್ಞಾನಿಕ ತಂಡದ ನಾಯಕರಾದ ಸಿ. ಎಂ. ಯಂಗ್ ಅವರು, ಕತ್ತಲೆಯಲ್ಲಿಟ್ಟ ಹವಳಗಳು ತಮ್ಮ ಪಾಚಿಗಳನ್ನು ಕಳೆದುಕೊಳ್ಳುವುದನ್ನು ಕಂಡರು. 1959ರಲ್ಲಿ ಥಾಮಸ್ ಗೊರೊ ಅವರು ಜಮೈಕಾದ ಹವಳಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿ, ಕತ್ತಲೆಗಿಂತ ಬೆಳಕಿನಲ್ಲಿ ಅಸ್ಥಿಪಂಜರದ ರಚನೆ ಹಲವು ಪಟ್ಟು ಶೀಘ್ರವಾಗಿ ಸಾಗುವುದೆಂದು ತೋರಿಸಿದರು. ಆದುದರಿಂದ ತೊಟ್ಟಿಯ ಮೇಲಿನ ದೀಪವು ಕೇವಲ ಅಲಂಕಾರವಲ್ಲ. ಅದು ಆ ಪ್ರಾಣಿಯ ಪಾಲಿಗೆ ಸೂರ್ಯನ ಪ್ರತಿನಿಧಿ.

ಈ ಪ್ರತಿನಿಧಿಯ ರೂಪವು ಕಾಲಕಾಲಕ್ಕೆ ಬದಲಾಗಿದೆ. ಮೊದಲು ಫ್ಲೂರೊಸೆಂಟ್ ನಳಿಗೆಗಳು, ಬಳಿಕ ಪ್ರಖರವಾದ ಮೆಟಲ್ ಹ್ಯಾಲೈಡ್ ದೀಪಗಳು, ಈಗ ಎಲ್‌ಇಡಿ ದೀಪಗಳು. 1990ರ ದಶಕದಲ್ಲಿ ಪ್ರಖರವಾದ ನೀಲಿ ಎಲ್‌ಇಡಿ ಸಿದ್ಧವಾದುದೇ ಈ ಕೊನೆಯ ಬದಲಾವಣೆಗೆ ಮೂಲ. ಆ ಸಾಧನೆಗಾಗಿ ಅಕಾಸಾಕಿ, ಅಮಾನೊ ಮತ್ತು ನಕಾಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು. ದೀಪವು ಹೊಸದಾದಂತೆಲ್ಲ ಮಾರುವವರ ಮಾತೂ ಹೊಸದಾಯಿತು. ‘ಹವಳ ಬೆಳೆಸುವ ದೀಪ’ವೆಂಬ ಹೆಸರು ಪೆಟ್ಟಿಗೆಗಳ ಮೇಲೆ ಸಾಮಾನ್ಯವಾಯಿತು.

ಒಂದು ಮಾತನ್ನು ನಂಬಬೇಕಾದರೆ ಅದಕ್ಕೆ ಪ್ರಮಾಣ ಬೇಕೆಂಬುದು ನಮ್ಮ ತರ್ಕಶಾಸ್ತ್ರದ ಮೊದಲ ಪಾಠ. ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯಗಳೆಂಬ ಮೂರು ಪ್ರಮಾಣಗಳನ್ನು ಮುಂದಿಟ್ಟುಕೊಂಡು ನೋಡಿದರೆ ಈ ದೀಪಗಳ ಪರೀಕ್ಷೆಯಲ್ಲಿ ಎಷ್ಟು ಗಟ್ಟಿಯಿದೆ, ಎಷ್ಟು ಜೊಳ್ಳಿದೆ ಎಂಬುದು ಸ್ಪಷ್ಟವಾಗುತ್ತದೆ.

ಮೊದಲನೆಯದು ಸುರಕ್ಷತೆಯ ಪರೀಕ್ಷೆ. ಉಪ್ಪುನೀರಿನ ಮೇಲೆ ವಿದ್ಯುತ್ತಿನ ಉಪಕರಣವನ್ನು ತೂಗಿಬಿಡುವುದು ಅಪಾಯದ ಕೆಲಸ. ಆದಕಾರಣ ಈ ಕ್ಷೇತ್ರದಲ್ಲಿ ನಿಯಮಗಳು ಖಚಿತವಾಗಿವೆ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು ಮತ್ಸ್ಯಾಲಯದ ದೀಪಗಳಿಗಾಗಿಯೇ ಐಇಸಿ 60598-2-11 ಎಂಬ ಪ್ರತ್ಯೇಕ ಮಾನಕವನ್ನು ರಚಿಸಿದೆ. ನೀರು ಮತ್ತು ಧೂಳು ಒಳನುಗ್ಗದಂತೆ ಇರುವ ರಕ್ಷಣೆಯನ್ನು ಐಇಸಿ 60529ರ ಪ್ರಕಾರ ಅಂಕಿಗಳಲ್ಲಿ ಸೂಚಿಸುತ್ತಾರೆ. ಎಲ್‌ಇಡಿಯ ಬಾಳಿಕೆಗೆ ಅಮೆರಿಕದ ಪ್ರಕಾಶ ಇಂಜಿನಿಯರಿಂಗ್ ಸಂಘವು 2008ರಲ್ಲಿ ಎಲ್‌ಎಂ-80 ಎಂಬ ವಿಧಾನವನ್ನು ಪ್ರಕಟಿಸಿತು. ಅದರಂತೆ ಎಲ್‌ಇಡಿಯನ್ನು ಗೊತ್ತಾದ ಉಷ್ಣತೆಗಳಲ್ಲಿ ಕನಿಷ್ಠ 6000 ಗಂಟೆ ಉರಿಸಿ, ಬೆಳಕು ಎಷ್ಟು ಕುಂದಿತೆಂದು ಅಳೆಯಬೇಕು. ದಿನಕ್ಕೆ 10 ಗಂಟೆ ಉರಿಯುವ ದೀಪಕ್ಕೆ ಇದು 600 ದಿನಗಳ ಬಾಳು. ಆದರೆ ಇದು ಬಿಡಿ ಎಲ್‌ಇಡಿಯ ಪರೀಕ್ಷೆಯೇ ಹೊರತು, ಉಪ್ಪಿನ ಹಬೆಯ ನಡುವೆ ತೂಗುವ ಇಡೀ ದೀಪದ ಪರೀಕ್ಷೆಯಲ್ಲ. ಮೇಲ್ಕಂಡ ಮಾನಕಗಳೆಲ್ಲ ಮನುಷ್ಯನ ಸುರಕ್ಷತೆಯನ್ನೂ ಸಾಧನದ ಬಾಳಿಕೆಯನ್ನೂ ಕುರಿತವು. ಹವಳವು ಬೆಳೆಯುವುದೋ ಇಲ್ಲವೋ ಎಂಬುದು ಅವುಗಳ ವ್ಯಾಪ್ತಿಗೆ ಸೇರಿದುದಲ್ಲ. ಪೆಟ್ಟಿಗೆಯ ಮೇಲಿನ ಪ್ರಮಾಣಮುದ್ರೆಯನ್ನು ಕಂಡು ಹವಳದ ಬೆಳವಣಿಗೆಗೇ ಮುದ್ರೆ ಬಿದ್ದಿದೆಯೆಂದು ಭಾವಿಸುವುದು ಭ್ರಾಂತಿ.

ಎರಡನೆಯದು ಬೆಳಕಿನ ಅಳತೆ. ಇದನ್ನು ಪ್ರತ್ಯಕ್ಷ ಪ್ರಮಾಣವೆನ್ನಬಹುದು. ಇಲ್ಲಿಯೂ ಅಳೆಯುವ ಕೋಲು ಸರಿಯಾಗಿರಬೇಕು. ಲಕ್ಸ್ ಮತ್ತು ಲ್ಯೂಮೆನ್ ಎಂಬ ಮಾನಗಳು ಮನುಷ್ಯನ ಕಣ್ಣನ್ನು ಆಧರಿಸಿದವು. ಆ ಕಣ್ಣಿಗೆ 555 ನ್ಯಾನೋಮೀಟರ್ ಸುಮಾರಿನ ಹಸಿರು-ಹಳದಿ ಬೆಳಕು ಅತಿಶಯವಾಗಿ ತೋರುತ್ತದೆ, ನೀಲಿ ಮಂಕಾಗಿ ತೋರುತ್ತದೆ. ಹವಳದ ಪಾಚಿಗಾದರೋ ನೀಲಿ ಬೆಳಕೇ ಮುಖ್ಯ. ಆದಕಾರಣ ತಿಳಿದವರು 400ರಿಂದ 700 ನ್ಯಾನೋಮೀಟರ್‌ವರೆಗಿನ ಫೋಟಾನುಗಳನ್ನೇ ಎಣಿಸುತ್ತಾರೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿನಲ್ಲಿ ಎಷ್ಟು ಮೈಕ್ರೋಮೋಲ್ ಫೋಟಾನುಗಳು ಬೀಳುತ್ತವೆಂಬುದೇ ಆ ಎಣಿಕೆ. ಇದಕ್ಕೆ ‘ಪಾರ್’ ಎಂಬ ಹೆಸರು ರೂಢಿಯಲ್ಲಿದೆ. ಉದಾಹರಣೆಗೆ, 200 ಮೈಕ್ರೋಮೋಲ್ ಬೆಳಕು 10 ಗಂಟೆ ಬಿದ್ದರೆ, ಅಂದರೆ 36,000 ಸೆಕೆಂಡು ಬಿದ್ದರೆ, ದಿನದ ಒಟ್ಟು 7.2 ಮೋಲ್ ಆಗುತ್ತದೆ. ಈ ಸರಳ ಗುಣಾಕಾರವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಲ್ಲನು.

ಒಳ್ಳೆಯ ತಯಾರಕರು ಈ ಅಳತೆಯನ್ನು ಶ್ರದ್ಧೆಯಿಂದಲೇ ಮಾಡುತ್ತಾರೆ. ತೊಟ್ಟಿಯ ತಳವನ್ನು ಚದುರಂಗದ ಮಣೆಯಂತೆ ಚೌಕಗಳಾಗಿ ವಿಭಜಿಸಿ, ಹಲವು ಆಳಗಳಲ್ಲಿ ಪ್ರತಿ ಚೌಕದ ಬೆಳಕನ್ನು ಅಳೆದು ನಕ್ಷೆ ಬರೆಯುತ್ತಾರೆ. ಆದರೆ ಇಂತಹ ನಕ್ಷೆಯನ್ನು ಓದುವಾಗ ಎಚ್ಚರ ಬೇಕು. ದೀಪವನ್ನು ಎಷ್ಟು ಎತ್ತರದಲ್ಲಿ ತೂಗಿಸಿದ್ದರು? ಅಳೆದುದು ಗಾಳಿಯಲ್ಲೋ ನೀರಿನಲ್ಲೋ? ತೊಟ್ಟಿಯ ಗೋಡೆಗಳಿಂದ ಬೆಳಕು ಮರಳಿ ಬೀಳುತ್ತಿತ್ತೋ? ಗಾಳಿಗೆ ಹೊಂದಿಸಿದ ಮಾಪಕವನ್ನು ನೀರಿನಲ್ಲಿ ಮುಳುಗಿಸಿದರೆ ಅದು ಕಡಿಮೆ ತೋರಿಸುತ್ತದೆ; ಅದಕ್ಕೆ ತಿದ್ದುಪಡಿಯ ಗುಣಕ ಬೇಕು. ಹಳೆಯ ಮಾದರಿಯ ಕೆಲವು ಮಾಪಕಗಳು ನೀಲಿ ಬೆಳಕನ್ನು ಪೂರ್ತಿಯಾಗಿ ಎಣಿಸುತ್ತಿರಲಿಲ್ಲ. ನಡುವಿನ ಒಂದು ಬಿಂದುವಿನ ದೊಡ್ಡ ಅಂಕಿಯನ್ನು ಮಾತ್ರ ಅಚ್ಚುಹಾಕಿಸಿ ಮೂಲೆಗಳ ಅಂಕಿಯನ್ನು ಬಿಟ್ಟರೆ ಅದು ಸುಳ್ಳಲ್ಲದಿದ್ದರೂ ಪೂರ್ಣ ಸತ್ಯವಲ್ಲ.

ಈ ಕಾರಣದಿಂದಲೇ ತಯಾರಕನಲ್ಲದ ಮೂರನೆಯವನ ಅಳತೆಗೆ ಬೆಲೆಯಿದೆ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಔದ್ಯಮಿಕ ಇಂಜಿನಿಯರಿಂಗ್ ವಿಭಾಗದ ಪ್ರಾಧ್ಯಾಪಕ ಸಂಜಯ್ ಜೋಶಿಯವರು ಅನೇಕ ಮೆಟಲ್ ಹ್ಯಾಲೈಡ್ ದೀಪಗಳನ್ನು ಒಂದೇ ವಿಧಾನದಿಂದ ಅಳೆದು, ಅವುಗಳ ವರ್ಣಪಟಲವನ್ನೂ ತೀವ್ರತೆಯನ್ನೂ ಹವ್ಯಾಸಿಗಳ ಪತ್ರಿಕೆಗಳಲ್ಲಿ ಪ್ರಕಟಿಸಿದರು. ಅದೇ ದೀಪವು ಬೇರೆ ಬ್ಯಾಲಸ್ಟಿನೊಡನೆ ಬೇರೆ ಪ್ರಮಾಣದ ಬೆಳಕನ್ನು ಕೊಡುವುದೆಂಬುದು ಇಂತಹ ಅಳತೆಗಳಿಂದ ಬಳಕೆದಾರರಿಗೆ ಮನವರಿಕೆಯಾಯಿತು.

ಮೂರನೆಯದೇ ಮುಖ್ಯವಾದುದು, ಕಠಿಣವಾದುದು: ಬೆಳವಣಿಗೆಯ ಪರೀಕ್ಷೆ. ‘ಈ ದೀಪದಲ್ಲಿ ಸಾಕಷ್ಟು ಬೆಳಕಿದೆ, ಆದ್ದರಿಂದ ಹವಳ ಬೆಳೆಯುತ್ತದೆ’ ಎಂಬುದು ಅನುಮಾನ. ಅನುಮಾನಕ್ಕೆ ವ್ಯಾಪ್ತಿ ಬೇಕು, ವ್ಯಾಪ್ತಿಯಲ್ಲಿ ಉಪಾಧಿಯಿರಬಾರದು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದಿಲ್ಲ, ಹಸಿಯ ಕಟ್ಟಿಗೆಯೆಂಬ ಉಪಾಧಿಯಿದ್ದಲ್ಲಿ ಮಾತ್ರ ಇರುತ್ತದೆ ಎಂಬ ತಾರ್ಕಿಕರ ಉದಾಹರಣೆ ಪ್ರಸಿದ್ಧವಾಗಿದೆ. ಅದರಂತೆಯೇ ಬೆಳಕಿದ್ದಲ್ಲೆಲ್ಲ ಹವಳ ಬೆಳೆಯುವುದಿಲ್ಲ. ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಕ್ಷಾರತೆ ತಕ್ಕಷ್ಟಿರಬೇಕು, ಉಷ್ಣತೆ ಏರುಪೇರಾಗಬಾರದು, ನೀರಿನ ಸೆಳೆತವಿರಬೇಕು, ಪೋಷಕ ದ್ರವ್ಯಗಳು ಹಿತಮಿತವಾಗಿರಬೇಕು. ತಯಾರಕನ ತೊಟ್ಟಿಯಲ್ಲಿ ಹವಳವು ಸೊಂಪಾಗಿದ್ದರೆ ಆ ಶ್ರೇಯಸ್ಸು ದೀಪಕ್ಕೆ ಸೇರಿದುದೋ, ನೀರನ್ನು ನೋಡಿಕೊಳ್ಳುವ ಕೆಲಸಗಾರನಿಗೆ ಸೇರಿದುದೋ ಹೇಳುವುದು ಹೇಗೆ?

ಬೆಳಕಿನ ಪ್ರಮಾಣವೊಂದೇ ಸಾಲದು, ವರ್ಣವೂ ಮುಖ್ಯವೆಂಬುದಕ್ಕೆ ಒಂದು ಪ್ರಯೋಗ ಸಾಕ್ಷಿಯಾಗಿದೆ. 2014ರಲ್ಲಿ ಟಿಮ್ ವೈಗರ್ಡೆ ಮತ್ತು ಸಂಗಡಿಗರು ಸ್ಟೈಲೊಫೋರಾ ಪಿಸ್ಟಿಲ್ಲಾಟಾ ಎಂಬ ಹವಳದ ತುಣುಕುಗಳನ್ನು ನೀಲಿ, ಕೆಂಪು ಮತ್ತು ಎರಡನ್ನೂ ಸಮಭಾಗ ಬೆರೆಸಿದ ಬೆಳಕಿನಲ್ಲಿ 6 ವಾರ ಇರಿಸಿದ ಪ್ರಯೋಗವನ್ನು ಪ್ರಕಟಿಸಿದರು. ತೀವ್ರತೆಗಳು 128 ಮತ್ತು 256 ಮೈಕ್ರೋಮೋಲ್. ನೀಲಿ ಬೆಳಕಿನಲ್ಲಿದ್ದವು ಹೆಚ್ಚಾಗಿ ಬದುಕಿದವು. 256 ಮೈಕ್ರೋಮೋಲ್ ಕೆಂಪು ಬೆಳಕಿನಲ್ಲಿದ್ದವುಗಳಲ್ಲಿ ಬದುಕಿದವು ಕಡಿಮೆ. ಮಾಪಕದ ಅಂಕಿ ಒಂದೇ, ಫಲ ಮಾತ್ರ ಬೇರೆ. ‘ನಮ್ಮ ದೀಪದ ಪಾರ್ ಇಷ್ಟು’ ಎಂದು ಹೇಳಿ ಸುಮ್ಮನಾಗುವ ತಯಾರಕನು ಅರ್ಧ ಮಾತನ್ನಷ್ಟೇ ಆಡಿದಂತಾಯಿತು.

ಹಾಗಾದರೆ ಯೋಗ್ಯವಾದ ಪರೀಕ್ಷೆ ಯಾವುದು? ಅನ್ವಯ-ವ್ಯತಿರೇಕಗಳೇ ಅದರ ತಳಹದಿ. ಒಂದೇ ತಾಯಿಹವಳದಿಂದ ಕತ್ತರಿಸಿದ ತುಣುಕುಗಳನ್ನು ತೆಗೆದುಕೊಂಡು, ಒಂದೇ ನೀರು, ಒಂದೇ ಉಷ್ಣತೆ, ಒಂದೇ ಸೆಳೆತದಲ್ಲಿರಿಸಿ, ದೀಪವನ್ನು ಮಾತ್ರ ಬದಲಿಸಬೇಕು. ಹೋಲಿಸಲು ಪರಿಚಿತವಾದ ಬೇರೊಂದು ದೀಪವೂ ಜೊತೆಯಲ್ಲಿರಬೇಕು. ಒಂದು ದೀಪಕ್ಕೆ ಒಂದೇ ತೊಟ್ಟಿಯಿಟ್ಟು, ಅದರಲ್ಲಿ ಇಪ್ಪತ್ತು ತುಣುಕುಗಳನ್ನು ಹಾಕಿ, ಇಪ್ಪತ್ತು ಪ್ರಯೋಗ ಮಾಡಿದೆವೆಂದರೆ ಅದು ಒಂದೇ ಪ್ರಯೋಗವಾಗುತ್ತದೆ. ಈ ದೋಷವನ್ನು ಸ್ಟುವರ್ಟ್ ಹರ್ಲ್‌ಬರ್ಟ್ ಅವರು 1984ರ ತಮ್ಮ ಪ್ರಬಂಧದಲ್ಲಿ ವಿಶದವಾಗಿ ತೋರಿಸಿಕೊಟ್ಟರು. ಬೆಳವಣಿಗೆಯನ್ನು ಕಣ್ಣಂದಾಜಿನಿಂದಲ್ಲ, ತೂಕದಿಂದ ನಿರ್ಣಯಿಸಬೇಕು. ಹವಳವನ್ನು ನೀರಿನೊಳಗೇ ತೂಗಿ ಅಸ್ಥಿಪಂಜರದ ಹೆಚ್ಚಳವನ್ನು ಲೆಕ್ಕಹಾಕುವ ವಿಧಾನವು 1970ರ ದಶಕದಿಂದಲೂ ಬಳಕೆಯಲ್ಲಿದೆ. ಪಾಚಿಯ ಆರೋಗ್ಯವನ್ನು ಹವಳಕ್ಕೆ ನೋವಾಗದಂತೆ ಅಳೆಯುವ ಫ್ಲೂರೊಮೀಟರುಗಳೂ ಇವೆ.

ಇದೆಲ್ಲಕ್ಕೂ ಕಾಲ ಬೇಕು. ಗುಂಡಾದ ಹವಳಗಳು ವರ್ಷಕ್ಕೆ ಕೆಲವು ಮಿಲಿಮೀಟರುಗಳಿಂದ ಒಂದೆರಡು ಸೆಂಟಿಮೀಟರಿನವರೆಗೆ ಮಾತ್ರ ಬೆಳೆಯುತ್ತವೆ. ಕೊಂಬೆಯಾಗಿ ಬೆಳೆಯುವವು ಶೀಘ್ರವಾದರೂ ಅವಕ್ಕೂ ತಿಂಗಳುಗಳು ಬೇಕು. ಹೊಸ ಬೆಳಕಿಗೆ ಹೊಂದಿಕೊಳ್ಳಲೇ ಮೊದಲ ಕೆಲವು ವಾರಗಳು ಹೋಗುತ್ತವೆ. ಮಾರುಕಟ್ಟೆಯಾದರೋ ಹೊಸ ಮಾದರಿಗಾಗಿ ಅವಸರಪಡಿಸುತ್ತದೆ. ಹೀಗಾಗಿ ಸುರಕ್ಷತೆಯ ಪರೀಕ್ಷೆ ನಿಯಮಬದ್ಧವಾಗಿಯೂ, ಬೆಳಕಿನ ಪರೀಕ್ಷೆ ತಯಾರಕನ ಶ್ರದ್ಧೆಗೆ ತಕ್ಕಂತೆಯೂ ನಡೆದರೆ, ಬೆಳವಣಿಗೆಯ ಪರೀಕ್ಷೆಯ ಜಾಗದಲ್ಲಿ ಹಲವೊಮ್ಮೆ ಚಿತ್ರಗಳು ಮತ್ತು ಹೆಸರಾಂತ ಹವ್ಯಾಸಿಗಳ ಹೊಗಳಿಕೆ ಬಂದು ಕೂರುತ್ತವೆ. ಹೊಗಳಿಕೆಯು ಆಪ್ತವಾಕ್ಯವೆನಿಸಬೇಕಾದರೆ ಹೇಳುವವನು ವಿಷಯವನ್ನು ಬಲ್ಲವನೂ ಲಾಭದ ಆಸೆಯಿಲ್ಲದವನೂ ಆಗಿರಬೇಕು. ದೀಪವನ್ನು ಬಿಟ್ಟಿಯಾಗಿ ಪಡೆದವನ ಮಾತಿಗೆ ಆ ಯೋಗ್ಯತೆ ಸುಲಭವಾಗಿ ಸಲ್ಲುವುದಿಲ್ಲ. ಚಿತ್ರಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಗಾಢ ನೀಲಿ ಬೆಳಕಿನಡಿಯಲ್ಲಿ ಹವಳದ ಕೆಲವು ವರ್ಣದ್ರವ್ಯಗಳು ಹಸಿರಾಗಿ, ಕಿತ್ತಳೆಯಾಗಿ ಹೊಳೆಯುತ್ತವೆ. ಹೊಳಪು ಕಣ್ಣಿಗೆ ಹಬ್ಬ. ಅದೇ ಬೆಳವಣಿಗೆಯ ಲಕ್ಷಣವಲ್ಲ.

ಹಾಗೆಂದು ತಯಾರಕರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ತಮ್ಮ ಆವರಣದಲ್ಲಿಯೇ ಹವಳದ ತೊಟ್ಟಿಗಳನ್ನಿಟ್ಟು ತಿಂಗಳುಗಟ್ಟಲೆ ನೋಡುವವರೂ ಇದ್ದಾರೆ. ಅವರು ಕಂಡುದನ್ನು ವಿಧಾನಸಹಿತವಾಗಿ, ಸತ್ತುಹೋದ ತುಣುಕುಗಳ ಲೆಕ್ಕವನ್ನೂ ಸೇರಿಸಿ ಪ್ರಕಟಿಸಿದರೆ, ಆ ಪರೀಕ್ಷೆ ವಿದ್ವಜ್ಜನರಿಗೂ ಮಾನ್ಯವಾಗುತ್ತದೆ. ಯಶಸ್ಸನ್ನು ಮಾತ್ರ ತೋರಿಸುವುದು ಜಾಹೀರಾತು. ಸೋಲನ್ನೂ ತೋರಿಸುವುದು ಪರೀಕ್ಷೆ.

ಇದು ಶ್ರೀಮಂತರ ಹವ್ಯಾಸದ ಮಾತೆಂದು ಉಪೇಕ್ಷಿಸುವಂತಿಲ್ಲ. ತೊಟ್ಟಿಯಲ್ಲಿರುವುದು ಜೀವ. ಮಂದ ಬೆಳಕಿಗೆ ಒಗ್ಗಿದ ಹವಳದ ಮೇಲೆ ಒಮ್ಮೆಲೇ ಪ್ರಖರ ಬೆಳಕು ಬಿದ್ದರೆ ಅದು ತನ್ನ ಪಾಚಿಯನ್ನು ಕಳೆದುಕೊಂಡು ಬಿಳಿಚುತ್ತದೆ. ಬೆಳಕು ಸಾಲದಿದ್ದರೆ ಹಸಿದು ಕ್ಷೀಣಿಸುತ್ತದೆ. ಪರೀಕ್ಷಿಸದ ದೀಪವನ್ನು ಕೊಂಡವನು ತಾನೇ ಪರೀಕ್ಷಕನಾಗುತ್ತಾನೆ. ಪರೀಕ್ಷೆಗೆ ಬಲಿಯಾಗುವುದು ಮಾತ್ರ ಹವಳ. ಸತ್ತುದರ ಜಾಗಕ್ಕೆ ಇನ್ನೊಂದು ಸಮುದ್ರದಿಂದಲೇ ಬರಬೇಕಾಗಬಹುದು. ಗಟ್ಟಿ ಹವಳಗಳ ಅಂತರರಾಷ್ಟ್ರೀಯ ವ್ಯಾಪಾರವು ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ. ಭಾರತದಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೇರೆಗೆ ಅವು ರಕ್ಷಿತ ಜೀವಿಗಳು. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತಲಿನ ಹವಳಗಳು ಕನ್ನಡನಾಡಿನ ಕಡಲಿನಲ್ಲಿಯೇ ಇರುವ ಇಂತಹ ಸಂಪತ್ತು. ಅವು ನೋಡಿ ನಲಿಯತಕ್ಕವು, ಕಿತ್ತು ತರತಕ್ಕವಲ್ಲ.

ವಿಜ್ಞಾನದ ಉಪಾಧ್ಯಾಯರಿಗೆ ಈ ವಿಷಯವು ಒಳ್ಳೆಯ ಪಾಠವಾಗಬಲ್ಲುದು. ಹವಳದ ತೊಟ್ಟಿಯೇ ಬೇಕೆಂದಿಲ್ಲ. ಹೆಸರುಕಾಳಿನ ಸಸಿಗಳನ್ನು ಎರಡು ಬಗೆಯ ದೀಪಗಳಡಿಯಲ್ಲಿ, ಹಲವು ಕುಂಡಗಳಲ್ಲಿ, ಒಂದೇ ಮಣ್ಣು ಒಂದೇ ನೀರಿನಲ್ಲಿ ಬೆಳೆಸಿ ತೂಗಿ ನೋಡುವ ವಿದ್ಯಾರ್ಥಿಗೆ, ಪ್ರತ್ಯಕ್ಷಕ್ಕೂ ಅನುಮಾನಕ್ಕೂ ಹೊಗಳಿಕೆಗೂ ಇರುವ ಅಂತರ ತಾನಾಗಿಯೇ ತಿಳಿಯುತ್ತದೆ. ಶಾಲೆಯ ಪ್ರಯೋಗಶಾಲೆಗೆ ಉಪಕರಣಗಳನ್ನು ಕೊಡಿಸುವ ದಾನಿಗಳೂ ಪೆಟ್ಟಿಗೆಯ ಮೇಲಿನ ಮಾತನ್ನು ಕಂಡಾಗ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು: ಏನನ್ನು ಅಳೆದಿರಿ? ಯಾವುದಕ್ಕೆ ಹೋಲಿಸಿದಿರಿ? ಎಷ್ಟು ಕಾಲ ನೋಡಿದಿರಿ? ಸೋತುದೆಷ್ಟು? ಚಿನ್ನವನ್ನು ಕೊಳ್ಳುವವನು ಒರೆಗಲ್ಲನ್ನು ಮರೆಯುವುದಿಲ್ಲ. ಜೀವವನ್ನು ಸಾಕಲು ಹೊರಟವನು ಅದನ್ನು ಮರೆಯುವುದು ಹೇಗೆ ಸರಿಯಾದೀತು?