ಡ್ರೋನ್ ಕಂಡರೆ ಮೊದಲು ಹಾರಿಸುವವರನ್ನು ಹುಡುಕಿ

ಚಳ್ಳಕೆರೆ, ಮೊಳಕಾಲ್ಮುರು ಕಡೆ ಮದುವೆ, ಜಾತ್ರೆಗಳಿಗೆ ಡ್ರೋನ್ ಹಾರಿಸುವುದು ನನ್ನ ಕಸುಬು. ಬಂದೋಬಸ್ತಿನ ಪೊಲೀಸರು ‘ಮೇಲಿರೋದು ಯಾರದ್ದು, ನೋಡ್ರಿ’ ಎಂದು ಕರೆದಾಗಲೆಲ್ಲ ಕಲಿತದ್ದು ಇಷ್ಟು.

1. ಮೊದಲು ನಕ್ಷೆ ನೋಡಿ. ಚಳ್ಳಕೆರೆ ಬಳಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ನೆಲೆಯಿದೆ. 2016ರಲ್ಲಿ ರುಸ್ತುಂ-2 ಮೊದಲ ಸಲ ಹಾರಿದ್ದು ಅಲ್ಲಿಂದಲೇ. ಕಂಡದ್ದೆಲ್ಲ ಕಳ್ಳ ಡ್ರೋನ್ ಅಲ್ಲ. ಹಾಗಂತ ಅಲ್ಲಿನ ಹುಲ್ಲುಗಾವಲು ಖಾಲಿ ಇದೆಯೆಂದು ನಾವು ಹಾರಿಸುವಂತೆಯೂ ಇಲ್ಲ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕೆಂಪು ಎಂದಿದ್ದರೆ ಕೇಂದ್ರದ ಅನುಮತಿ ಬೇಕು.

2. ರಿಮೋಟ್ ಐಡಿ, ಅಂದರೆ ಹಾರುವ ಡ್ರೋನ್ ತಾನೇ ಬಿತ್ತರಿಸುವ ಗುರುತು, ಡ್ರೋನನ್ನೂ ಹಾರಿಸುವವರನ್ನೂ ತೋರಿಸುತ್ತದೆ. ಡ್ರೋನಿನ ಸಂಖ್ಯೆ, ಜಾಗ, ಎತ್ತರ, ವೇಗದ ಜೊತೆಗೆ ಹಾರಿಸುವವರು ನಿಂತ ಜಾಗ ಅಥವಾ ಮೇಲೆದ್ದ ಜಾಗವೂ ವೈಫೈ ಇಲ್ಲವೇ ಬ್ಲೂಟೂತ್ ಮೂಲಕ ಫೋನಿಗೆ ಬರುತ್ತದೆ. ಪೊಲೀಸರಿಗೆ ಬೇಕಾದದ್ದು ಈ ಕೊನೆಯದು.

3. ಸಂಖ್ಯೆ ಸಿಕ್ಕರೆ ಹೆಸರು ಸಿಕ್ಕಂತಲ್ಲ. ಮಾಲೀಕರ ವಿವರ ನೋಂದಣಿ ದಾಖಲೆಯಲ್ಲಿರುತ್ತದೆ; ಅದನ್ನು ಕೇಳಬೇಕಾದವರು ಅಧಿಕಾರಿಗಳು. ನಮ್ಮ ಕೆಲಸ ಸಮಯ ಬರೆದು, ಸ್ಕ್ರೀನ್‌ಶಾಟ್ ಒಪ್ಪಿಸುವುದು.

4. ಸಂಕೇತ ಬರಲಿಲ್ಲವೆಂದು ಅಪರಾಧಿ ಅನ್ನಬೇಡಿ. ಅಮೆರಿಕದಲ್ಲಿ ರಿಮೋಟ್ ಐಡಿ ಕಡ್ಡಾಯ. ನಮ್ಮ 2021ರ ಡ್ರೋನ್ ನಿಯಮಗಳಲ್ಲಿ, ಜಾಗ ತಿಳಿಸುವ ಸಾಧನವನ್ನು ಸರ್ಕಾರ ಮುಂದೆ ಕಡ್ಡಾಯ ಮಾಡಬಹುದು ಎಂದಷ್ಟೇ ಇದೆ. ಹಳೆಯ ಡ್ರೋನ್, ಕೈಯಲ್ಲಿ ಜೋಡಿಸಿದ ಡ್ರೋನ್ ಏನೂ ಹೇಳದೆ ಹಾರುತ್ತವೆ. ಸಂಕೇತ ಬಂದದ್ದಕ್ಕೆ ಅನುಮತಿ ಇದೆ ಎಂದೂ ಅರ್ಥವಲ್ಲ.

5. ನಿಂತ ಜಾಗ ಬದಲಿಸಿ. ಚಳ್ಳಕೆರೆಯ ಬಯಲಿನಲ್ಲಿ ಸಂಕೇತ ದೂರದಿಂದಲೂ ಸಿಗುತ್ತದೆ. ಮೊಳಕಾಲ್ಮುರಿನ ಬ್ರಹ್ಮಗಿರಿ, ಜಟಿಂಗರಾಮೇಶ್ವರದ ಬಂಡೆಗಳು ಅದನ್ನು ತಡೆಯುತ್ತವೆ. ಅಲ್ಲಿ ಎತ್ತರ ಏರಿಯೇ ಫೋನ್ ತೆಗೆಯಬೇಕು.

6. ಕೆಡವಲು ಹೋಗಬೇಡಿ. ನಾಯಕನಹಟ್ಟಿ ತೇರಿನ ಜನಸಾಗರದ ಮೇಲೆ ಬಿದ್ದರೆ ತಲೆ ಒಡೆಯುತ್ತದೆ. ಮದುವೆ ಡ್ರೋನಿನ ಬ್ಯಾಟರಿ ಸಾಮಾನ್ಯವಾಗಿ ಅರ್ಧ ಮುಕ್ಕಾಲು ಗಂಟೆಯ ಮಾತು, ಇಳಿಯಲೇಬೇಕು. ಇಳಿಯುವಲ್ಲಿಗೆ ಪೊಲೀಸರು ಹೋಗಿ ಡ್ರೋನಿನ ನೋಂದಣಿ ಸಂಖ್ಯೆ (ಯುಐಎನ್) ಕೇಳಲಿ, ದುಡಿಮೆಗೆ ಹಾರಿಸುವವರಾದರೆ ಪೈಲಟ್ ಪ್ರಮಾಣಪತ್ರವನ್ನೂ ಕೇಳಲಿ. ನಿಯಮ ಮೀರಿದರೆ 1 ಲಕ್ಷ ರೂಪಾಯಿವರೆಗೆ ದಂಡವಿದೆ.

ನಮ್ಮ ಕಸುಬಿನವರಿಗೆ ಒಂದು ಮಾತು: ಯುಐಎನ್ ಡ್ರೋನಿನ ಮೇಲೆ ಕಾಣುವಂತೆ ಬರೆಸಿ, ಜಾತ್ರೆಗೆ ಮುಂಚೆಯೇ ಠಾಣೆಗೆ ಹೋಗಿ ನಂಬರ್ ಕೊಟ್ಟು ಬನ್ನಿ. ನಮ್ಮವು ಯಾವುವೆಂದು ಗೊತ್ತಿದ್ದರೆ ಗೊತ್ತಿಲ್ಲದ್ದನ್ನು ಹುಡುಕಲು ಪೊಲೀಸರಿಗೆ ಹೊತ್ತು ಸಿಗುತ್ತದೆ.